ಹೆಂಟೆ ಹಿಡಿದವರ ಮಾತು

"ಬುದ್ಧಿ, ಕಟ್ಟಳೆ ಮುರಿದವರನ್ನು ಶಿಕ್ಷಿಸುವುದು ಸರಿಯೋ ತಪ್ಪೋ?" ಎಂದು ಮಹಾಲಿಂಗ ಕೇಳಿದ.

ಅವನು ಮಠದಲ್ಲೇ ಉಂಡು, ಮಠದಲ್ಲೇ ಓದಿ ದೊಡ್ಡವನಾದವನು. ಈಗ ತಾಲ್ಲೂಕಿನ ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕ. ಮನಸ್ಸಿಗೆ ಏನಾದರೂ ಕೊರೆಯತೊಡಗಿದರೆ ಬಸ್ಸು ಹಿಡಿದು ಹಿರಿಯ ಸ್ವಾಮಿಗಳ ಬಳಿಗೆ ಬರುತ್ತಿದ್ದ.

"ಯಾವ ಕಟ್ಟಳೆ, ಯಾರು ಮುರಿದರು?" ಎಂದರು ಸ್ವಾಮಿಗಳು.

ಮಹಾಲಿಂಗ ಹೇಳಿದ. ತರಬೇತಿಗೆ ಹೋಗಿ ಬಂದ ಮೇಲೆ ಅವನು ಪಾಠ ಹೇಳುವ ಕ್ರಮವನ್ನೇ ಬದಲಾಯಿಸಿದ್ದ. ಅರವತ್ತು ಮಕ್ಕಳನ್ನು ಆರಾರು ಜನರ ಗುಂಪು ಮಾಡಿ ದುಂಡಗೆ ಕೂರಿಸುತ್ತಿದ್ದ. ಗುಂಪಿನಲ್ಲಿ ಒಬ್ಬರು ಚರ್ಚೆ ನಡೆಸುವವರು, ಒಬ್ಬರು ಬರೆದುಕೊಳ್ಳುವವರು, ಒಬ್ಬರು ಗಡಿಯಾರ ನೋಡುವವರು. ತಲಾ ಎರಡು ನಿಮಿಷ. ಒಬ್ಬರ ಸರದಿಯಲ್ಲಿ ಇನ್ನೊಬ್ಬರು ತುಟಿ ಬಿಚ್ಚುವಂತಿಲ್ಲ. ಮೂರು ವರ್ಷದಿಂದ ಹಿಂದಿನ ಬೆಂಚಿನಲ್ಲಿ ಮೂಕರಂತೆ ಕೂತಿದ್ದವರೂ ಈಗ ಬಾಯಿ ಬಿಟ್ಟಿದ್ದರು. ಪ್ರಾಂಶುಪಾಲರು ಬೇರೆ ಕಾಲೇಜಿನವರನ್ನು ಕರೆತಂದು ತೋರಿಸುತ್ತಿದ್ದರು. ಇಷ್ಟರಲ್ಲಿ ಒಬ್ಬ ಹುಡುಗಿ ಬೇರೆಯವರ ಸರದಿಯಲ್ಲಿ ಎದ್ದು ನಿಂತಳು. ಒಂದು ಸಲವಲ್ಲ, ಮೂರು ಸಲ. ಮೂರನೆಯ ಸಲ ಹೊರಗಿನವರು ನೋಡುತ್ತಿದ್ದ ದಿನ. ಮಹಾಲಿಂಗ ಅವಳನ್ನು ಹೊರಗೆ ಕಳಿಸಿದ. ಚರ್ಚೆಯ ಅಂಕಗಳಲ್ಲಿ ಸೊನ್ನೆ ಹಾಕಿದ. ಆ ಸೊನ್ನೆ ಉಳಿದರೆ ಅವಳು ಈ ಸಲದ ಪರೀಕ್ಷೆಗೆ ಕೂರುವಂತಿಲ್ಲ. ನಾಳೆ ಪಟ್ಟಿಗೆ ಸಹಿ ಹಾಕಬೇಕು.

"ಒಬ್ಬಳನ್ನು ಬಿಟ್ಟರೆ ನಾಳೆ ಹತ್ತು ಜನ ಏಳುತ್ತಾರೆ. ಮತ್ತೆ ಸಂತೆಯಾಗುತ್ತದೆ. ಗಟ್ಟಿ ಗಂಟಲಿನವನದೇ ರಾಜ್ಯವಾಗುತ್ತದೆ. ನಾನು ಮಾಡಿದ್ದು ಸರಿಯೆಂದೇ ನನಗೆ ಅನಿಸುತ್ತದೆ. ಆದರೂ ಕೈ ಸಹಿಗೆ ಹೋಗುತ್ತಿಲ್ಲ" ಎಂದ.

ಸ್ವಾಮಿಗಳು ಈ ಕತೆ ಹೇಳಿದರು.

ಒಬ್ಬ ಬಾವಿ ತೋಡುವ ಮೇಸ್ತ್ರಿ ಇದ್ದ. ಅವನ ಹೆಸರು ಬೇಡ. ಮೊಮ್ಮಕ್ಕಳು ಮರಿಮಕ್ಕಳು ಇದ್ದಾರೆ, ನೊಂದುಕೊಂಡಾರು. ಅವನ ಕೈಕೆಳಗೆ ಗಂಡಸರು ಹೆಂಗಸರು ಸೇರಿ ಎಂಟು ಜನ. ಹಾರೆ ಹಾಕುವವರು, ಬುಟ್ಟಿ ತುಂಬುವವರು, ರಾಟೆಯ ಹಗ್ಗ ಎಳೆಯುವವರು, ಮಣ್ಣು ಹೊತ್ತು ದೂರ ಸುರಿಯುವವರು. ಮೇಸ್ತ್ರಿ ಕೆಲಸದಲ್ಲಿ ಗಟ್ಟಿಗ. ನೆಲಕ್ಕೆ ಕಿವಿಯಿಟ್ಟು ನೀರು ಎಷ್ಟು ಆಳದಲ್ಲಿದೆ ಎಂದು ಹೇಳುತ್ತಿದ್ದನಂತೆ. ಇರಬಹುದು. ಮನುಷ್ಯರ ಮಾತಿಗೆ ಮಾತ್ರ ಅವನ ಕಿವಿ ಇರಲಿಲ್ಲ. ಯಾರಾದರೂ ಬಾಯಿ ತೆರೆದರೆ, "ನೀನು ಮೇಸ್ತ್ರಿಯೋ ನಾನು ಮೇಸ್ತ್ರಿಯೋ?" ಎಂದು ಮೈಮೇಲೆ ಬೀಳುತ್ತಿದ್ದ. ಹೀಗಾಗಿ ಅವನ ಬಾವಿಗಳಲ್ಲಿ ಹಾರೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಒಂದು ದಿನ ಬಾವಿಯ ಗೋಡೆ ಕುಸಿಯಿತು. ಒಳಗಿದ್ದ ಒಬ್ಬ ಸತ್ತ. ಮಣ್ಣು ತೆಗೆದು ಹೆಣ ಮೇಲೆ ತಂದ ಮೇಲೆ, ಉಳಿದವರು ತಮ್ಮತಮ್ಮಲ್ಲಿ ಆಡಿಕೊಳ್ಳುತ್ತಿದ್ದ ಮಾತು ಮೇಸ್ತ್ರಿಯ ಕಿವಿಗೆ ಬಿತ್ತು. ಆ ಗೋಡೆಯಿಂದ ಎರಡು ದಿನದಿಂದ ಮಣ್ಣು ಉದುರುತ್ತಿತ್ತಂತೆ. ಮೂರು ಜನ ನೋಡಿದ್ದರಂತೆ.

"ನನಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದ.

"ನೀನು ಕೇಳಲೇ ಇಲ್ವಲ್ಲ ಮೇಸ್ತ್ರಣ್ಣ" ಎಂದರು.

ಆ ಮಾತು ಅವನನ್ನು ಮುರಿದು ಹಾಕಿತು. ತಿಥಿ ಮುಗಿಯುವವರೆಗೂ ಅವನು ಹಾರೆ ಮುಟ್ಟಲಿಲ್ಲ. ಸತ್ತವನ ಹೆಂಡತಿ ಅದೇ ಗುಂಪಿನಲ್ಲಿ ಹಗ್ಗ ಎಳೆಯುತ್ತಿದ್ದಳು. ಅವಳ ಹೆಸರು ಹೇಳುತ್ತೇನೆ, ಯಾಕೆಂದರೆ ಈ ಕತೆ ಹೇಳುವವರು ಯಾರೂ ಅವಳ ಹೆಸರು ಹೇಳುವುದಿಲ್ಲ. ದುರುಗಮ್ಮ. ಮೇಸ್ತ್ರಿ ಅವಳ ಮನೆಯ ಹೊಸ್ತಿಲ ಮುಂದೆ ಕೂತು, ಇನ್ನು ಮೇಲೆ ಎಲ್ಲರ ಮಾತು ಕೇಳದೆ ಯಾರನ್ನೂ ಬಾವಿಗೆ ಇಳಿಸುವುದಿಲ್ಲ ಎಂದು ಆಣೆ ಮಾಡಿದ. ಆಣೆಯನ್ನು ಉಳಿಸಿಕೊಂಡ ಕೂಡ. ಅದರಲ್ಲಿ ಅವನನ್ನು ಹಳಿಯುವಂತಿಲ್ಲ.

ಅವನು ಮಾಡಿದ ಕಟ್ಟಳೆ ಹೀಗೆ. ಬೆಳಿಗ್ಗೆ ಕೆಲಸ ಹಿಡಿಯುವ ಮೊದಲು ಒಂದು ಸಲ, ಮಧ್ಯಾಹ್ನ ಬುತ್ತಿ ಉಂಡ ಮೇಲೆ ಒಂದು ಸಲ, ಎಲ್ಲರೂ ಬಾವಿಯ ಬಾಯಿಯ ಸುತ್ತ ಕೂರಬೇಕು. ಬಾವಿಯ ತಳದಿಂದ ಬಂದ ಒಂದು ಹೆಂಟೆ ಮಣ್ಣು ಕೈಯಿಂದ ಕೈಗೆ ಹೋಗಬೇಕು. ಹೆಂಟೆ ಹಿಡಿದವರು ಮಾತಾಡಬೇಕು. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು, ಕೈಗೆ ಹತ್ತಿದ್ದು, ಏನಾದರೂ ಒಂದು ಹೇಳಲೇಬೇಕು. ಏನೂ ಇಲ್ಲ ಎನ್ನುವಂತಿಲ್ಲ. ಉಳಿದವರು ಉಸಿರೆತ್ತುವಂತಿಲ್ಲ. ಮೇಸ್ತ್ರಿಯೂ ಎತ್ತುವಂತಿಲ್ಲ. ಹೆಂಟೆ ಮೊದಲು ಮಣ್ಣು ಹೊರುವವರ ಕೈಗೆ, ಹಗ್ಗದವರ ಕೈಗೆ, ಆಮೇಲೆ ಹಾರೆಯವರಿಗೆ, ಕೊನೆಗೆ ಮೇಸ್ತ್ರಿಗೆ. ಮೇಸ್ತ್ರಿ ಮೊದಲು ಮಾತಾಡಿಬಿಟ್ಟರೆ ಉಳಿದವರದ್ದು ಬರೀ ತಲೆಯಾಡಿಸುವುದಾಗುತ್ತದೆ ಎಂಬುದು ಅವನಿಗೆ ತಿಳಿದಿತ್ತು. ನಿನ್ನ ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟರೋ ಇಲ್ಲವೋ ನಾನರಿಯೆ. ಅವನು ತಾನಾಗಿ ಕಂಡುಕೊಂಡಿದ್ದ.

ಮೊದಮೊದಲು ನಗೆಪಾಟಲಾಯಿತು. ಒಬ್ಬ ಹೆಂಟೆ ಹಿಡಿದು ತನ್ನ ಬೆನ್ನಿನ ತುರಿಕೆಯ ವಿಷಯ ಹೇಳಿದ. ಇನ್ನೊಬ್ಬ ನಾಚಿ ಬೆವೆತು ಹೆಂಟೆಯನ್ನೇ ಹಿಸುಕಿ ಪುಡಿ ಮಾಡಿದ. ಐದನೆಯ ದಿನ ದುರುಗಮ್ಮ ಹೆಂಟೆಯನ್ನು ಮೂಗಿಗೆ ಹಿಡಿದು, "ನಿನ್ನೆ ಮಣ್ಣಿಗೆ ಈ ವಾಸನೆ ಇರಲಿಲ್ಲ. ಇದು ಕೆರೆ ಕೆಸರಿನ ವಾಸನೆ" ಎಂದಳು. ಮೇಸ್ತ್ರಿಗೆ ರೇಗಿತು. ನಾಲಿಗೆ ಕಚ್ಚಿ ತಡೆದುಕೊಂಡ. ಆಣೆ ಮಾಡಿದ್ದನಲ್ಲ. ಆ ಮಣ್ಣು ಬಂದ ಕಡೆಗೆ ಕಲ್ಲು ಕಟ್ಟಿಸಿದ. ಮೂರನೆಯ ದಿನಕ್ಕೆ ಅದೇ ಕಲ್ಲಿನ ಸಂದಿನಿಂದ ನೀರು ಜಿನುಗಿತು. ಕಲ್ಲು ಇಲ್ಲದಿದ್ದರೆ ಗೋಡೆ ಕೂತುಬಿಡುತ್ತಿತ್ತು, ಒಳಗೆ ಇಬ್ಬರಿದ್ದರು.

ಅಂದಿನಿಂದ ಯಾರೂ ನಗಲಿಲ್ಲ.

ಒಂಬತ್ತು ವರ್ಷ ನಡೆಯಿತು. ನಲವತ್ತಕ್ಕೆ ಹತ್ತಿರ ಬಾವಿ ತೋಡಿದರು, ಒಂದು ಬೆರಳೂ ಹೋಗಲಿಲ್ಲ. ಸುದ್ದಿ ಹರಡಿತು. ಬೇರೆ ಸೀಮೆಯ ಮೇಸ್ತ್ರಿಗಳು ಬಂದು ದೂರದಲ್ಲಿ ಕೂತು ನೋಡಿ ಹೋಗುತ್ತಿದ್ದರು. ಊರಿನವರೂ ಕೂಡುತ್ತಿದ್ದರು. ಬಾವಿ ಮುಗಿದು ನೀರು ಬಂದಾಗ ಸೇರುವ ಜನಕ್ಕಿಂತ ಹೆಂಟೆ ತಿರುಗುವಾಗ ಸೇರುವ ಜನ ಹೆಚ್ಚಾಯಿತು. ಮೇಸ್ತ್ರಿಗೆ ಹೆಮ್ಮೆಯಾಯಿತು. ಆಗದೆ ಇರುತ್ತದೆಯೇ? ಎಂಥವರಿಗೂ ಆಗುತ್ತದೆ. ನನಗೂ ಆಗುತ್ತದೆ.

ಹೆಮ್ಮೆ ಬಂದ ಮೇಲೆ ಅವನು ಕಟ್ಟಳೆಯನ್ನು ತಿಕ್ಕಿ ತೊಳೆಯತೊಡಗಿದ. ಮುದುಕನೊಬ್ಬ ಉದ್ದಕ್ಕೆ ಮಾತಾಡುತ್ತಿದ್ದ. ಅವನಿಗಾಗಿ ತೂತಿನ ಕರಟದಲ್ಲಿ ನೀರು ತುಂಬಿ ತೂಗುಹಾಕಿದ. ನೀರು ಸೋರಿ ಮುಗಿಯುವುದರೊಳಗೆ ಮಾತು ಮುಗಿಯಬೇಕು. ಕೊನೆಗೆ ಹೆಂಟೆ ತನ್ನ ಕೈಗೆ ಬಂದಾಗ ತನ್ನ ಮಾತು ಆಡಿ, ಅದನ್ನು ಬಾವಿಗೆ ಎಸೆಯುತ್ತಿದ್ದ. ಹೆಂಟೆ ಬಾವಿಗೆ ಬಿದ್ದ ಮೇಲೆ ಮುಂದಿನ ಕೂಟದವರೆಗೆ ಬಾವಿಯ ಮಾತು ಯಾರೂ ಎತ್ತಬಾರದು ಎಂದ. ಎತ್ತಿದರೆ, ಇಲ್ಲವೇ ಕೂಟದ ನಡುವೆ ಸರದಿ ತಪ್ಪಿ ಮಾತಾಡಿದರೆ, ಇಪ್ಪತ್ತು ಹೆಜ್ಜೆ ದೂರದಲ್ಲಿ ಯಾವುದಾದರೂ ಮರದ ಕೆಳಗೆ ಬಾವಿಗೆ ಬೆನ್ನು ಮಾಡಿ ಸಂಜೆಯವರೆಗೆ ಕೂರಬೇಕು ಎಂದ. ತನ್ನ ಒಡಹುಟ್ಟಿದ ತಮ್ಮನನ್ನೂ ಒಂದು ಸಲ ಹಾಗೆ ಕೂರಿಸಿದ. ಜನ ಭೇಷ್ ಎಂದರು.

ತಮ್ಮನ ಮಾತು ಬಂತು, ಅವನ ವಿಷಯ ಹೇಳಬೇಕು. ಹಾರೆ ಹಾಕುವವರಲ್ಲಿ ಅವನೇ ಮುಂದು. ತಾಯಿ ತೀರಿಕೊಂಡಾಗ ನಾಲ್ಕು ವರ್ಷದವನು. ಮೇಸ್ತ್ರಿಯೇ ಎತ್ತಿ ಸಾಕಿದ್ದ. ಮದುವೆ ಮಾಡಿಸಿದ್ದ. ಮೇಸ್ತ್ರಿಗೆ ಮಕ್ಕಳಿದ್ದರು, ಆದರೆ ಅವನ ಜೀವವೆಲ್ಲ ಈ ತಮ್ಮನ ಮೇಲೆ.

ದುರುಗಮ್ಮನೂ ಒಮ್ಮೆ ಮರದ ಕೆಳಗೆ ಕೂತಳು. ಹೆಂಟೆ ಬಾವಿಗೆ ಬಿದ್ದ ಮೇಲೆ, "ಆ ಬುಟ್ಟಿಯ ಹಿಡಿ ಸಡಿಲಾಗೈತೆ, ಬ್ಯಾರೆ ತಗಳಿ" ಎಂದಿದ್ದಳು, ಅಷ್ಟೇ. ಮೇಸ್ತ್ರಿ ಎಲ್ಲರ ಮುಂದೆ ಅವಳಿಗೆ ಹೇಳಿದ: "ಈ ಕಟ್ಟಳೆ ಹುಟ್ಟಿದ್ದೇ ನಿನ್ನ ಗಂಡನ ಸಾವಿನಿಂದ. ನೀನೇ ಮುರಿದರೆ ಹೆಂಗಮ್ಮ?"

ಅವಳು ಎದ್ದು ಹೋಗಿ ಬೆನ್ನು ಮಾಡಿ ಕೂತಳು. ಆ ಮಾತು ಹೊಡೆತಕ್ಕಿಂತ ಹೆಚ್ಚು. ಹೊಡೆದಿದ್ದರೆ ಅವಳು ತಿರುಗಿ ಬೈದಾದರೂ ಬೈಯುತ್ತಿದ್ದಳು. ಗಂಡನ ಹೆಸರಿನಲ್ಲಿ ಬಾಯಿ ಮುಚ್ಚಿಸಿದರೆ ಹೆಂಗಸು ಏನು ಮಾಡಬೇಕು?

ಇಷ್ಟು ಹೊತ್ತಿಗೆ ಮೇಸ್ತ್ರಿಗೆ ಒಂದು ಅಭ್ಯಾಸ ಅಂಟಿಕೊಂಡಿತ್ತು. ಅದು ಅವನಿಗೆ ಗೊತ್ತಿರಲಿಲ್ಲ. ಕೂಟದಲ್ಲಿ ಅವನ ಕಣ್ಣು ಹೆಂಟೆಯ ಹಿಂದೆಯೇ ತಿರುಗುತ್ತಿತ್ತು. ಹೆಂಟೆ ಸರಿಯಾಗಿ ಸಾಗಿತೇ, ಯಾರಾದರೂ ನಡುವೆ ಬಾಯಿ ಹಾಕಿದರೇ, ಕರಟದ ನೀರು ಎಷ್ಟಿದೆ, ಇಷ್ಟೇ. ಮಾತು ಕಿವಿಯ ಪಕ್ಕದಲ್ಲಿ ಹಾದು ಹೋಗುತ್ತಿತ್ತು. ಹಿಂದೆ ಅವನು ಯಾರನ್ನೂ ಮಾತಾಡಲು ಬಿಡುತ್ತಿರಲಿಲ್ಲ, ಈಗ ಎಲ್ಲರನ್ನೂ ಬಿಡುತ್ತಿದ್ದ. ಕೇಳುವುದು ಮಾತ್ರ ಮೊದಲಿನಷ್ಟೇ ಆಗಿತ್ತು.

ಒಂದು ಊರಿನಲ್ಲಿ ಇಳಿಜಾರಿನ ಜಾಗದಲ್ಲಿ ಬಾವಿ ಹಿಡಿದಿದ್ದರು. ನಾಲ್ಕಾಳು ಆಳ ಇಳಿದಿದ್ದರು. ತೆಗೆದ ಮಣ್ಣನ್ನು ದೂರ ಸುರಿಯಬೇಕು, ಆದರೆ ಕೆಳಗಡೆ ಬೆಳೆ ನಿಂತ ಹೊಲವಿತ್ತು, ಇಳಿಜಾರಿನಲ್ಲಿ ಹೊತ್ತು ಹತ್ತುವುದು ಕಷ್ಟವೆಂದು ಮೇಲುಗಡೆ ಅಂಚಿಗೆ ಹತ್ತಿರವೇ ಗುಡ್ಡೆ ಹಾಕಿದ್ದರು. ಅಂದು ಮಧ್ಯಾಹ್ನದ ಕೂಟಕ್ಕೆ ಇಬ್ಬರು ಪರಸ್ಥಳದ ಮೇಸ್ತ್ರಿಗಳು ಬಂದಿದ್ದರು. ಊರಿನ ಗೌಡರು ಬಂದರು, ಅವರ ಹಿಂದೆ ಊರೂ ಬಂತು. ಎಲ್ಲರಿಗೂ ಚೆನ್ನಾಗಿ ಕಾಣುವ ಜಾಗ ಆ ಮಣ್ಣಿನ ಗುಡ್ಡೆ. ಮೂವತ್ತು ಜನ ಅದರ ಮೇಲೆ ಹತ್ತಿ ಕೂತರು.

ಹೆಂಟೆ ಹೊರಟಿತು. ದುರುಗಮ್ಮನ ಸರದಿ ಎರಡನೆಯದು. ಹಗ್ಗದ ಒಂದು ಎಳೆ ಸವೆದಿದೆ ಎಂದು ಹೇಳಿ ಮುಂದೆ ಕೊಟ್ಟಳು. ಹೆಂಟೆ ಮುದುಕನ ಕೈಯಲ್ಲಿದ್ದಾಗ ಅವಳ ಕಣ್ಣು ಗುಡ್ಡೆಯ ಬುಡಕ್ಕೆ ಹೋಯಿತು. ಗುಡ್ಡೆಗೂ ಬಾವಿಯ ಅಂಚಿಗೂ ನಡುವೆ ನೆಲದಲ್ಲಿ ಒಂದು ಬಿರುಕು. ಬೆಳಿಗ್ಗೆ ಇರಲಿಲ್ಲ. ಕೂದಲೆಳೆಯಷ್ಟಿತ್ತು, ಅವಳು ನೋಡುತ್ತಿದ್ದಂತೆ ಬೆರಳು ಹೋಗುವಷ್ಟಾಯಿತು.

ಅವಳು ಅರ್ಧ ಎದ್ದು, "ಮೇಸ್ತ್ರಣ್ಣ" ಎಂದಳು.

ಮೇಸ್ತ್ರಿ ತುಟಿಯ ಮೇಲೆ ಬೆರಳಿಟ್ಟ. ಅವಳು ಗುಡ್ಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಗೌಡರೂ ಪರಸ್ಥಳದವರೂ ಕೂತಿದ್ದರು. ಬಂದವರನ್ನು ಬೆರಳು ಮಾಡಿ ತೋರಿಸುತ್ತಿದ್ದಾಳೆ ಎಂದು ಮೇಸ್ತ್ರಿಗೆ ಅವಮಾನವಾಯಿತು. ಕಣ್ಣು ಕೆಂಪು ಮಾಡಿದ. ಅವಳು ಕೂತಳು. ಅವಳು ಕೂತದ್ದನ್ನು ನೋಡಿ ಪರಸ್ಥಳದವರು ತಲೆದೂಗಿದರು. ಮೇಸ್ತ್ರಿಗೆ ಒಳಗೊಳಗೇ ಸಮಾಧಾನವಾಯಿತು.

ಹೆಂಟೆ ಸುತ್ತಿ ಬಂತು. ಮೇಸ್ತ್ರಿ ತನ್ನ ಮಾತು ಆಡಿ ಹೆಂಟೆಯನ್ನು ಬಾವಿಗೆ ಎಸೆದ. ಜನ ಎದ್ದರು. ಗೌಡರು ಬಂದವರನ್ನು ಊಟಕ್ಕೆ ಕರೆದುಕೊಂಡು ಹೋದರು. ತಮ್ಮ ಹಗ್ಗ ಹಿಡಿದು ಇಳಿಯಲು ಕಾಲು ಇಳಿಬಿಟ್ಟ.

ದುರುಗಮ್ಮ ಓಡಿ ಬಂದು ಮೇಸ್ತ್ರಿಯ ಮುಂದೆ ನಿಂತಳು.

"ಒಂದು ಮಾತೈತೆ ಮೇಸ್ತ್ರಣ್ಣ."

"ಹೆಂಟೆ ಎಲ್ಲೈತೆ?" ಎಂದ ಮೇಸ್ತ್ರಿ.

ಅವಳು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಗದರಿದ:

"ಕೂಟದಲ್ಲೂ ಎದ್ದೆ. ಈಗಲೂ ಬಂದೆ. ಬಂದವರ ಮುಂದೆ ನನ್ನ ಮಾನ ಕಳೆದೆ. ಹೋಗು, ಮರದ ಕೆಳಗೆ ಕೂರು. ಏನಿದ್ದರೂ ಬೆಳಿಗ್ಗೆ ಹೆಂಟೆ ಹಿಡಿದು ಹೇಳು."

ಇಲ್ಲಿಗೆ ಬಂದಾಗ ಮಹಾಲಿಂಗನಿಗೆ ತಡೆಯಲಾಗಲಿಲ್ಲ. "ಅವಳು ಕಿರುಚಬಹುದಿತ್ತಲ್ಲ ಬುದ್ಧಿ!" ಎಂದ.

"ಕಿರುಚಬಹುದಿತ್ತು" ಎಂದು ಸ್ವಾಮಿಗಳು ಕತೆ ಮುಂದುವರಿಸಿದರು.

ಅವಳು ಕಿರುಚಲಿಲ್ಲ. ಯಾಕೆ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಅವಳನ್ನು ಬೈದವರೂ ಇದ್ದಾರೆ. ಒಂಬತ್ತು ವರ್ಷ ದಿನಕ್ಕೆ ಎರಡು ಸಲ ಆ ಕೂಟದಲ್ಲಿ ಕೂತು ನೋಡಿದವರಿಗೆ ಮಾತ್ರ ಅದು ಅರ್ಥವಾದೀತು. ಬಿರುಕು ತನ್ನ ಕಣ್ಣಿನ ಭ್ರಮೆ ಇರಬಹುದೇ ಎಂದು ಅವಳಿಗೆ ಅನಿಸಿತಂತೆ. ಇಷ್ಟು ಜನ ನೋಡಿದ್ದಾರೆ, ಎಲ್ಲರೂ ಹೆಂಟೆ ಹಿಡಿದಿದ್ದಾರೆ, ಯಾರೂ ಹೇಳಲಿಲ್ಲವಲ್ಲ ಎಂದೂ ಅನಿಸಿತಂತೆ. ಅವಳು ಹೋಗಿ ಅಲ್ಲಿದ್ದ ಹೊಂಗೆಯ ಕೆಳಗೆ ಬಾವಿಗೆ ಬೆನ್ನು ಮಾಡಿ ಕೂತಳು.

ಆದ್ದರಿಂದ ಗೋಡೆ ಬಿದ್ದದ್ದನ್ನು ಅವಳು ನೋಡಲಿಲ್ಲ. ಬೆನ್ನಿಗೆ ಕೇಳಿಸಿತು ಅಷ್ಟೇ. ಮೊದಲು ಹಾರೆಯ ಏಟು, ಒಂದು, ಎರಡು, ಮೂರು. ಆಮೇಲೆ ಮಣ್ಣು. ಗುಡ್ಡೆಗೆ ಗುಡ್ಡೆಯೇ ಒಳಗೆ ಹೋಗಿತ್ತು.

ಮಣ್ಣು ತೆಗೆಯಲು ಮರುದಿನದ ಮಧ್ಯಾಹ್ನವಾಯಿತು. ಹಾರೆ ಹಾಕಿದರೆ ಎಲ್ಲಿ ಮೈಗೆ ತಗಲುತ್ತದೋ ಎಂದು ಮೇಸ್ತ್ರಿ ಕೈಯಲ್ಲೇ ಕೆರೆದ. ಉಗುರು ಕಿತ್ತು ಬಂದವು. ಬದುಕಿರಬಹುದು ಎಂದು ಹೆಸರು ಹಿಡಿದು ಕೂಗುತ್ತಲೇ ಇದ್ದ. ದುರುಗಮ್ಮನೂ ಬುಟ್ಟಿ ಹೊತ್ತಳು. ಯಾರೂ ಅವಳನ್ನು ಕರೆಯಲಿಲ್ಲ, ಯಾರೂ ಬೇಡವೆನ್ನಲಿಲ್ಲ. ಕೊನೆಗೆ ತಮ್ಮ ಸಿಕ್ಕಿದ. ಹಗ್ಗವನ್ನು ಎರಡು ಕೈಯಲ್ಲೂ ಹಿಡಿದುಕೊಂಡೇ ಇದ್ದ. ಮೇಲೆ ತಂದು ಮಲಗಿಸಿದರು. ಅವನ ಹೆಂಡತಿ ಬಂದು ಬಿದ್ದು ಹೊರಳಿದಳು.

ಮೇಸ್ತ್ರಿ ಅಳಲಿಲ್ಲ. ಎದ್ದು ದುರುಗಮ್ಮನ ಮುಂದೆ ಹೋಗಿ ನಿಂತ.

"ನಿನ್ನೆ ಏನು ಹೇಳಬೇಕು ಅಂತಿದ್ದೆ?" ಎಂದು ಕೇಳಿದ.

ದುರುಗಮ್ಮ ಸುತ್ತ ನೋಡಿದಳು. ಬಗ್ಗಿ, ತೆಗೆದುಹಾಕಿದ ಮಣ್ಣಿನಿಂದ ಒಂದು ಹೆಂಟೆ ಆರಿಸಿಕೊಂಡಳು. ಅದನ್ನು ಅಂಗೈಯಲ್ಲಿ ಹಿಡಿದ ಮೇಲೆ ಬಾಯಿ ತೆರೆದಳು.

"ಗುಡ್ಡೆ ಬುಡದಾಗೆ ಬಿರುಕು ಬಿಟ್ಟೈತೆ ಮೇಸ್ತ್ರಣ್ಣ. ಯಾರೂ ಇಳೀಬ್ಯಾಡಿ."

ಹೇಳಿ ಹೆಂಟೆಯನ್ನು ಅವನ ಕೈಗೆ ಕೊಟ್ಟಳು.

ಅದು ಅಣಕವೋ, ಸಿಟ್ಟೋ, ಅಭ್ಯಾಸವೋ ನನಗೆ ತಿಳಿಯದು. ಅವಳಿಗೂ ತಿಳಿದಿತ್ತೋ ಇಲ್ಲವೋ. ಹೆಂಟೆ ಮೇಸ್ತ್ರಿಯ ಕೈಯಲ್ಲಿತ್ತು. ಕಟ್ಟಳೆಯಂತೆ ಈಗ ಅವನ ಸರದಿ. ಏಳು ಜನವಿದ್ದವರು ಆರು ಜನ, ಅವನ ಮಾತಿಗೆ ಕಾದು ನಿಂತರು. ಅವನು ಹೆಂಟೆ ಹಿಡಿದುಕೊಂಡೇ ಹೋಗಿ ತಮ್ಮನ ಪಕ್ಕದಲ್ಲಿ ಕೂತ. ಆಮೇಲೆ ಅವನು ಹದಿನಾರು ವರ್ಷ ಬದುಕಿದ. ತಮ್ಮನ ಹೆಂಡತಿಯನ್ನೂ ಅವಳ ಮಗುವನ್ನೂ ಸಾಕಿದ. ಬಾವಿಯ ಹತ್ತಿರ ಹೋಗಲಿಲ್ಲ.

ಪರಸ್ಥಳದಿಂದ ಬಂದಿದ್ದ ಇಬ್ಬರು ಮೇಸ್ತ್ರಿಗಳು ಗೌಡರ ಮನೆಯಲ್ಲಿ ಉಂಡು, ಗೋಡೆ ಬಿದ್ದ ಸುದ್ದಿ ಅಲ್ಲಿಗೆ ಮುಟ್ಟುವ ಮೊದಲೇ ಹೊಳೆಯ ಕಡೆಯ ದಾರಿ ಹಿಡಿದು ತಮ್ಮ ಸೀಮೆಗೆ ಹೋಗಿಬಿಟ್ಟಿದ್ದರು. ಅವರು ನೋಡಿದ್ದು ಕೂಟವನ್ನು ಮಾತ್ರ. ಸರದಿ ತಪ್ಪಿ ಎದ್ದ ಹೆಂಗಸು ಒಂದು ಬೆರಳಿಗೆ ಹೇಗೆ ಕೂತಳು ಎಂದು ಊರೂರಿನಲ್ಲಿ ಹೇಳಿದರು. ಆ ಕಡೆಯ ಬಾವಿಗಳಲ್ಲಿ ಬಹಳ ಕಾಲ ಹೆಂಟೆ ಹಿಡಿದೇ ಮಾತಾಡುತ್ತಿದ್ದರಂತೆ.

ಸ್ವಾಮಿಗಳು ಕತೆ ನಿಲ್ಲಿಸಿದರು.

ಮಹಾಲಿಂಗ, "ಹಾಗಾದರೆ ಕಟ್ಟಳೆಯೇ ತಪ್ಪೇ ಬುದ್ಧಿ? ಸರದಿ ಇಡುವುದೇ ಬೇಡವೇ?" ಎಂದು ಕೇಳಿದ.

"ಒಂಬತ್ತು ವರ್ಷ ಏಳು ಜನರ ಜೀವ ಕಾದದ್ದು ಅದೇ ಕಟ್ಟಳೆ. ಮೂಕರಿಗೆ ನಾಲಿಗೆ ಕೊಟ್ಟದ್ದೂ ಅದೇ. ಅದನ್ನು ತಪ್ಪು ಎಂದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ನಿನ್ನ ಗುಂಪುಗಳನ್ನೂ ಒಡೆಯಬೇಡ, ಗಡಿಯಾರವನ್ನೂ ತೆಗೆಯಬೇಡ" ಎಂದರು ಸ್ವಾಮಿಗಳು.

ಮಹಾಲಿಂಗನ ಮುಖ ಸ್ವಲ್ಪ ಅರಳಿತು. ಹಾಗಾದರೆ ಸಹಿ ಹಾಕಬಹುದು ಎಂದು ಅವನು ತಿಳಿದ. ಎದ್ದು ಕಾಲಿಗೆ ಬಿದ್ದು ಹೊರಡಲು ಅಣಿಯಾದ.

ಸ್ವಾಮಿಗಳು ಅವನನ್ನು ತಡೆದು ಕೇಳಿದರು:

"ಆ ಹುಡುಗಿ ಏನು ಹೇಳುವುದಕ್ಕೆ ಎದ್ದಿದ್ದಳು, ಮಹಾಲಿಂಗ?"